ಕಪ್ಪಗಾಗುವ ಕೆಲಸ

ನಮ್ಮ ಮನೆಯಲ್ಲಿ ಎಲ್ಲರೂ ಕಪ್ಪಗಿದ್ದರು. ನಾನೊಬ್ಬ ಮಾತ್ರ ಕಪ್ಪಗಾಗುವ ಪ್ರಯತ್ನದಲ್ಲಿದ್ದೆ. ಹೊಳೆನರಸೀಪುರದ ನಮ್ಮ ಬೀದಿಯ ಬೇರೆ ಮನೆಗಳಲ್ಲಿ ಎಣ್ಣೆನೀರಿನ ದಿನ ಅಜ್ಜಿಯರು ಮೊಮ್ಮಕ್ಕಳನ್ನು ಹಿಡಿದು ಕೂರಿಸಿ ಕಡಲೆಹಿಟ್ಟು, ಅರಿಸಿನ, ಹಾಲಿನ ಕೆನೆ ಹಚ್ಚಿ ಚರ್ಮ ಕೆಂಪೇರುವವರೆಗೂ ತಿಕ್ಕುತ್ತಿದ್ದರು. ಅವರಿಗೆಲ್ಲ ಮೊಮ್ಮಕ್ಕಳು ಬೆಳ್ಳಗಾಗಬೇಕಿತ್ತು. ನನ್ನ ಅಜ್ಜಿ ನಂಜವ್ವನದು ಇದಕ್ಕೆ ನೇರ ವಿರುದ್ಧವಾದ ವೈದ್ಯ. ಹರಳೆಣ್ಣೆಯ ಬಟ್ಟಲಿಗೆ ದೀಪದ ಕಾಡಿಗೆ ಕೆರೆದು ಹಾಕಿ, ಬೆರಳಲ್ಲಿ ಗೊಟಾಯಿಸಿ, ನನ್ನ ನೆತ್ತಿಗೆ ತಟ್ಟುತ್ತಿದ್ದಳು. ನನ್ನ ಕೂದಲು ಉಜ್ಜಿಟ್ಟ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಕಾಡಿಗೆ ಬಿದ್ದಮೇಲೆ ಅದು ಉಜ್ಜದ ಚೊಂಬಿನ ಹಾಗೆ ಆಗುತ್ತಿತ್ತು, ಅಷ್ಟೇ. ಆಮೇಲೆ ಹಿತ್ತಲಲ್ಲಿ ಹಪ್ಪಳ ಹರವಿದ ಚಾಪೆಯ ಪಕ್ಕದಲ್ಲೇ ನನ್ನನ್ನೂ ಬಿಸಿಲಿಗೆ ಹರವುತ್ತಿದ್ದಳು. ಹಪ್ಪಳ ಎರಡು ದಿನಕ್ಕೆ ಒಣಗುತ್ತಿದ್ದವು. ನಾನು ಎರಡು ದಿನಕ್ಕೆ ಟೊಮ್ಯಾಟೊ ಹಣ್ಣಾಗುತ್ತಿದ್ದೆ. ಅಜ್ಜಿ ಮುಖ ನೋಡಿ ನಿಟ್ಟುಸಿರಿಟ್ಟು, "ಇದು ಬೇಯ್ತದೆಯೇ ವಿನಾ ಕಪ್ಪಾಗಕಿಲ್ಲ ಕಣ್ಲಾ" ಎಂದು ಮತ್ತೆ ನೆರಳಿಗೆ ಎಳೆದುಕೊಳ್ಳುತ್ತಿದ್ದಳು.

ಕಾರಣವನ್ನು ಊರೇ ಬಲ್ಲದು, ನಿಮಗೂ ಹೇಳಿಬಿಡುತ್ತೇನೆ. ತಾತ ತೀರಿಕೊಂಡ ಮೇಲೆ ನನ್ನವ್ವ ಒಬ್ಬ ದೊಡ್ಡಮ್ಮನ ಜೊತೆ ಮಂಜರಾಬಾದಿನ ಕಡೆ ಕಾಫಿ ಬೀಜ ಆರಿಸುವ ಕೂಲಿಗೆ ಹೋದಳು. ಮೂರು ವರ್ಷ ಬಿಟ್ಟು ನನ್ನನ್ನು ಎತ್ತಿಕೊಂಡು ಒಬ್ಬಳೇ ಬಂದಳು. ತೋಟದ ದೊರೆ ತನ್ನ ಸೀಮೆಗೆ ಹಡಗು ಹತ್ತಿದ್ದನಂತೆ. ಇಷ್ಟು ಮಾತ್ರ ನನಗೆ ಗೊತ್ತಿದ್ದದ್ದು, ಅದೂ ಬೀದಿಯವರ ಬಾಯಿಂದ. ಅವ್ವ ಆ ಮೂರು ವರ್ಷದ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ. ಬೇರೆ ವರ್ಷಗಳ ಬಗ್ಗೆಯೂ ಅವಳು ಹೆಚ್ಚು ಬಿಚ್ಚಿದ್ದನ್ನು ನಾನು ಕಾಣೆ.

ನಮ್ಮದು ಪುರಿ ಬಟ್ಟಿಯ ಮನೆ. ಮುಂದೆ ಪಡಸಾಲೆ, ಅದರ ಮೂಲೆಯಲ್ಲಿ ಆಳೆತ್ತರದ ಮಣ್ಣಿನ ವಾಡೆ, ಅದರೊಳಗೆ ಭತ್ತ, ನಡುವೆ ಒಂದು ಕತ್ತಲ ಕೋಣೆ, ಅಲ್ಲಿ ಅಜ್ಜಿಯ ಲಿಂಗಪೂಜೆಯ ಮಣೆ, ಹಿಂದೆ ಅಡುಗೆಮನೆ, ಅದನ್ನೂ ದಾಟಿದರೆ ಹಂಚಿನ ಮಾಡಿನ ಬಟ್ಟಿ. ಉಪ್ಪುನೀರು ಕುಡಿದ ಕುಸುಬಲಕ್ಕಿಯನ್ನು ಅಜ್ಜಿ ಕಾದ ಮರಳಿನ ಬಾಣಲೆಗೆ ಎರಚಿ, ಕಡ್ಡಿಗಳ ಕಟ್ಟಿನಿಂದ ಎರಡು ಸುತ್ತು ತಿರುವುವಷ್ಟರಲ್ಲಿ ಚಟಪಟ ಅಂತ ಬಾಣಲೆ ತುಂಬಾ ಮಲ್ಲಿಗೆ ಅರಳುತ್ತಿತ್ತು. ಸೋದರಮಾವ ಪುಟ್ಟಣ್ಣ ಅದನ್ನು ಜರಡಿಗೆ ಬಾಚಿ ಮರಳು ಉದುರಿಸುತ್ತಿದ್ದ. ಅವ್ವ ಒಲೆಗೆ ತೆಂಗಿನ ಗರಿ ದೂಡುತ್ತಿದ್ದಳು. ಮಾವನ ಮಗಳು ಗಂಗೆ, ತಾಯಿಯಿಲ್ಲದ ಹುಡುಗಿ, ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು, ಪುರಿಯನ್ನು ಚೀಲಕ್ಕೆ ತುಂಬುತ್ತಿದ್ದಳು. ನಾನು ತುಂಬಿದ್ದನ್ನು ಖಾಲಿ ಮಾಡುತ್ತಿದ್ದೆ. ಸಂಜೆಯ ಹೊತ್ತಿಗೆ ಎಲ್ಲರ ಮುಖಕ್ಕೂ ಒಂದೇ ಮಸಿ. ಆ ಹೊತ್ತಿನಲ್ಲಿ ಹೊಸಬರು ಯಾರಾದರೂ ಬಂದರೆ ನಾನು ಈ ಮನೆಯ ಕೂಸೇ ಎಂದು ಕೇಳದೆ ನಂಬಬಹುದಿತ್ತು. ಬೆಳಿಗ್ಗೆ ಬಂದವರದ್ದೇ ತೊಂದರೆ.

ಹೆಸರುಗಳಿಗೇನೂ ನನಗೆ ಬರವಿರಲಿಲ್ಲ. ಬೀದಿಯ ಹುಡುಗರಿಗೆ ನಾನು ಬೆಕ್ಕಿನಕಣ್ಣ. ಗಾಣದ ಮನೆಯವರಿಗೆ ದೊರೆಮಗ. ಬಾವಿಕಟ್ಟೆಯ ಹೆಂಗಸರು ಮಾತ್ರ ನಾನು ಹಿಂದೆ ತಿರುಗಿದ ಮೇಲೆ ಬಳಸುವ ಪದ ಒಂದಿತ್ತು: ಬೆರಕೆ. ನನಗೆ ಅದರಲ್ಲಿ ಬೈಗುಳ ಎಲ್ಲಿದೆ ಎಂದು ಬಹಳ ದಿನ ತಿಳಿಯಲಿಲ್ಲ. ಯಾಕೆಂದರೆ ಅದೇ ಹೆಂಗಸರು ಹೊಲದ ಬದುವಿನಲ್ಲಿ ಹತ್ತು ಜಾತಿಯ ಸೊಪ್ಪು ಕಿತ್ತು ತಂದು ಬೆರಕೆಸೊಪ್ಪಿನ ಸಾರು ಮಾಡಿ, ಮುದ್ದೆ ಅದ್ದಿ ಉಣ್ಣುತ್ತಿದ್ದರು. ಸೊಪ್ಪು ಬೆರೆತರೆ ರುಚಿ, ಮನುಷ್ಯ ಬೆರೆತರೆ ಯಾಕೆ ಕಹಿ ಎಂದು ನಾನು ಗಂಗೆಯನ್ನು ಕೇಳಿದ್ದೆ. "ನಿನ್ನ ಬೇಯಿಸಿ ನೋಡಿದ್ಮ್ಯಾಕೆ ಯೋಳ್ತೀನಿ, ಸುಮ್ನಿರು" ಎಂದಿದ್ದಳು. ಇನ್ನು ಮನೆಯೊಳಗಿನ ಹೆಸರು: ಕರಿಯ. ಹೌದು, ಕರಿಯ. ಹುಟ್ಟಿದ ಕೂಸುಗಳು ನಿಲ್ಲದ ಮನೆಗಳಲ್ಲಿ ದೃಷ್ಟಿ ತಾಗದಿರಲೆಂದು ತಿಪ್ಪ, ಕಲ್ಲ, ಗುಂಡ ಎಂದು ಹೆಸರಿಡುವುದುಂಟಲ್ಲ, ಹಾಗೆ ಅಜ್ಜಿ ಕರಿಯಮ್ಮನಿಗೆ ಹರಕೆ ಹೊತ್ತು ನನಗೆ ಆ ಹೆಸರಿಟ್ಟಳು. ಮೊದಲ ದಿನ ಶಾಲೆಯಲ್ಲಿ ರಂಗಣ್ಣ ಮೇಷ್ಟ್ರು "ಕರಿಯ" ಎಂದು ಕೂಗಿದಾಗ ನಾನು ಎದ್ದು ನಿಂತೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರೂ ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿಕೊಂಡರು. ದಾಖಲೆ ಪುಸ್ತಕದಲ್ಲಿ ಎಲ್ಲ ಮಕ್ಕಳ ಜಾತಿಯನ್ನು ಶಾಯಿಯಲ್ಲಿ ಬರೆದ ಅವರು ನನ್ನದನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದರು. ಏನು ಬರೆದರೋ ನನಗೆ ತೋರಿಸಲಿಲ್ಲ.

ಇಷ್ಟು ಜನ ಇಷ್ಟು ಬಗೆಯಾಗಿ ಕರೆಯುವವನು ಏನು ಮಾಡಬೇಕು? ನಾನು ಎಲ್ಲರೂ ಆಗಿಬಿಟ್ಟೆ. ಮೇಷ್ಟ್ರು ನಶ್ಯ ಏರಿಸುವ ಮುನ್ನ ಆಕಾಶ ನೋಡುವ ರೀತಿ, ಮಾವ ಕೋಪ ಬಂದಾಗ ಮೊದಲು ಮೂರು ಸಲ ಕೆಮ್ಮುವುದು, ಅಜ್ಜಿ ಪೂಜೆಯ ನಡುವೆ ಕಣ್ಣು ಮುಚ್ಚಿಕೊಂಡೇ "ಶಿವಾ ಶಿವಾ ಹಾಲುಕ್ತಾ ಅದೆ ಶಿವಾ" ಎನ್ನುವುದು, ಎಲ್ಲ ನನ್ನ ಬಳಿ ಇದ್ದವು. ನನ್ನನ್ನೂ ಬಿಡುತ್ತಿರಲಿಲ್ಲ, ಬಿಸಿಲಿನಲ್ಲಿ ಹಪ್ಪಳದ ಜೊತೆ ನಾನು ಒಣಗುವುದನ್ನು ಮಾಡಿದರೆ ಗಂಗೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಆದರೆ ಬೀದಿಗೆ ಬೇಕಾಗಿದ್ದದ್ದು ಒಂದೇ ಆಟ.

"ಕರಿಯ, ದೊರೆ ಮಾಡ್ಲಾ!"

ನಾನು ಮಾವನ ಟೋಪಿ ಹಾಕಿಕೊಂಡು, ಎದೆ ಉಬ್ಬಿಸಿ, ಒಂದು ಕಡ್ಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ಯೂ ಡ್ಯಾಮ್! ಟುಮ್ ಕ್ಯಾ ಮಾಡ್ಟಾ! ಕಾಪಿ ಎಲ್ಲಿ ಓಯ್ಟು!" ಎಂದು ಘರ್ಜಿಸುತ್ತಿದ್ದೆ. ನಾನೇನು ದೊರೆಯನ್ನು ಕಂಡವನೇ? ಸಂತೆಗೆ ಬರುವ ತೋಟದ ಕೂಲಿಗಳು ಮಾಡಿ ತೋರಿಸಿದ್ದನ್ನು ನಾನು ಕದ್ದು ತಿದ್ದಿದ್ದು. ಜನ ಚಪ್ಪಾಳೆ ತಟ್ಟಿ ಬೆಲ್ಲದ ಚೂರು ಕೊಡುತ್ತಿದ್ದರು. ಒಂದು ಸಲ ಬಟ್ಟಿಯ ಮುಂದೆಯೇ ಈ ಆಟ ನಡೆಯುವಾಗ ಅವ್ವ ಒಲೆಯ ಬಳಿಯಿಂದ ಎದ್ದಳು. ಕೈಯಲ್ಲಿದ್ದ ಗರಿಯನ್ನು ಕೆಳಗಿಟ್ಟು ಒಳಗೆ ಹೋದಳು. ಬೈಯಲಿಲ್ಲ. ನನಗೆ ಬೆಲ್ಲ ಸಿಕ್ಕಿತ್ತು, ಹಾಗಾಗಿ ನಾನು ಹೆಚ್ಚು ಯೋಚಿಸಲಿಲ್ಲ.

ಆ ವರ್ಷ ಗಂಗೆಯನ್ನು ನೋಡಲು ಶಾಂತಿಗ್ರಾಮದಿಂದ ಗಂಡಿನ ಕಡೆಯವರು ಬಂದರು. ಒಳ್ಳೆಯ ಮನೆ, ತೆಂಗು, ಎರಡು ಜೊತೆ ಎತ್ತು. ಬೆಳಿಗ್ಗೆಯೇ ಮಾವ ಮೂರು ಸಲ ಕೆಮ್ಮಿ, ನನ್ನನ್ನು ಎತ್ತಿ ಭತ್ತದ ವಾಡೆಯೊಳಗೆ ಇಳಿಬಿಟ್ಟ.

"ಉಸುರು ಅಂದ್ರೆ ಕಾಲು ಮುರಿದ್ಬುಡ್ತೀನಿ. ಅವ್ರು ಓಗೋಗಂಟ ನೀನು ಭತ್ತ ಕಣ್ಲಾ, ಭತ್ತ!"

ನಾನು ಭತ್ತವನ್ನೂ ಮಾಡಬಲ್ಲೆ ಅಂದುಕೊಂಡೆ. ಸುಮಾರು ಹೊತ್ತು ಚೆನ್ನಾಗಿಯೇ ಮಾಡಿದೆ. ಹೊರಗೆ ಮಾತು ಕೂಡಿ ಬರುತ್ತಿತ್ತು. ಎಲೆ ಅಡಿಕೆಯ ತಟ್ಟೆ ಸದ್ದು ಕೇಳಿಸಿತು. ಆದರೆ ಭತ್ತದ ಸುಂಕಿನ ಧೂಳು ಯಾರನ್ನೂ ಬಿಟ್ಟದ್ದಲ್ಲ. ಮೂಗು ಹಿಡಿದೆ, ಬಾಯಿ ಮುಚ್ಚಿದೆ. ಆ ಸೀನು ಕಿವಿಯಿಂದಾದರೂ ಬರುತ್ತಿತ್ತೋ ಏನೋ. ವಾಡೆ ಇಡೀ ಗುಡುಗಿತು. ಗಂಡಿನ ಅಪ್ಪ ಎದ್ದು ಬಂದು ಬಗ್ಗಿ ನೋಡಿದ. ಕತ್ತಲೊಳಗಿಂದ ಎರಡು ಬೆಕ್ಕಿನ ಕಣ್ಣು, ಮೇಲೆ ಕೆಂಚು ಕೂದಲು. ನಾನು ಗೌರವದಿಂದ ಕೈ ಮುಗಿದೆ. "ಯಾರ ಕೂಸು ಇದು?" ಎಂದ ಅವನು. ಅವರು ನೀರನ್ನೂ ಮುಟ್ಟದೆ ಎದ್ದು ಹೋದರು.

ಮಾವ ನನ್ನ ಕಾಲು ಮುರಿಯಲಿಲ್ಲ. ಅದಕ್ಕಿಂತ ಕಷ್ಟದ ಕೆಲಸ ಮಾಡಿದ. ವಾಡೆಯಿಂದ ನನ್ನನ್ನು ಎತ್ತಿ ಇಳಿಸಿ, ಮೈಗೆ ಅಂಟಿದ್ದ ಹೊಟ್ಟನ್ನು ಒಂದೊಂದಾಗಿ ಬಿಡಿಸಿದ.

ಹದಿನೈದು ದಿನ ಕಳೆದಿರಲಿಲ್ಲ, ಒಂದು ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ರಂಗಣ್ಣ ಮೇಷ್ಟ್ರನ್ನು ಕರೆದು ಪಡಸಾಲೆಯಲ್ಲಿ ಮಣೆ ಹಾಕಿ ಕೂರಿಸಿ ಓದಿಸಿದರು. ಗುಡ್ಡದ ಸೀಮೆಯಲ್ಲಿ ಮಕ್ಕಳ ಹೋಮ್ ಒಂದಿದೆ, ಬಿಳಿಯ ತಂದೆಗೂ ಈ ನೆಲದ ತಾಯಿಗೂ ಹುಟ್ಟಿದ ಮಕ್ಕಳನ್ನು ಅಲ್ಲಿ ಸಾಕಿ ಓದಿಸುತ್ತಾರೆ. ಇಂಥ ತೋಟದ ದೊರೆಯವರು ತಮ್ಮ ಸೀಮೆಯಿಂದ ಬರೆದು ಇಂಥ ಹುಡುಗನನ್ನು ಸೇರಿಸಿಕೊಳ್ಳಲು ಕೋರಿದ್ದಾರೆ. ಹೋಮಿನ ಮಿಸ್ಸಮ್ಮ ಬಂದು ಹುಡುಗ ತಕ್ಕವನೋ ಅಲ್ಲವೋ ನೋಡಿ, ತಕ್ಕವನಾದರೆ ಅಂದೇ ಕರೆದೊಯ್ಯುತ್ತಾರೆ. ಮೇಷ್ಟ್ರು ಅದರಲ್ಲಿದ್ದ ಒಂದು ಪದವನ್ನು ಎರಡು ಸಲ ಇಂಗ್ಲಿಷಿನಲ್ಲೇ ಓದಿ, ಕನ್ನಡಕ್ಕೆ ತರದೆ ದಾಟಿಬಿಟ್ಟರು. ಅದು ನನ್ನ ಇನ್ನೊಂದು ಹೆಸರಿರಬೇಕು.

"ಓದ್ಮ್ಯಾಕೆ ಏನಾಯ್ತಾರೆ ಸಾ?" ಎಂದ ಮಾವ.

"ರೈಲ್ವೆಗೆ ತಗೋತಾರೆ. ಗಾರ್ಡು, ಡ್ರೈವರು. ಅವರಿಗೇ ಅಂತ ಕೆಲಸ ತೆಗೆದಿಟ್ಟಿರ್ತಾರೆ."

"ಕೇಳ್ದಾ ಅವ್ವ? ಗಾರ್ಡು! ಬೂಟ್ಸು, ಬಾವುಟ! ನಮ್ಮ ಕರಿಯ ಸೀಟಿ ಊದಿದ್ರೆ ರೈಲು ಒಂಟೋಗ್ತದೆ!"

"ಊದ್ಲಿ. ಇಲ್ಲೇ ಒಲೆ ಊದ್ಲಿ," ಎಂದಳು ಅಜ್ಜಿ. "ಕೂಸನ್ನ ಕಂಡೋರ ಮನೆಗೆ ಕೊಡಾಕೆ ಅದೇನು ಬೆಕ್ಕಿನ ಮರಿಯೇನ್ಲಾ?"

"ಗಂಗಿ ಕತೆ ಏನವ್ವ? ಇನ್ನೆಷ್ಟು ಗಂಡಿಗೆ ಇವನ್ನ ವಾಡೆಲಿ ಮುಚ್ಚಿಡ್ಲಿ ನಾನು?"

ಗಂಗೆ ಬಾಗಿಲ ಹಿಂದಿನಿಂದ, "ಆ ಶಾಂತಿಗ್ರಾಮದೋನು ನಂಗೆ ಬ್ಯಾಡ್ವೇ ಬ್ಯಾಡ. ಕಿವೀಲಿ ಕೂದ್ಲು ಅವ್ನಿಗೆ" ಎಂದಳು. ಯಾರೂ ನಗಲಿಲ್ಲ. ಅವ್ವ ಗೋಡೆಗೆ ಒರಗಿ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ನಿಜ ಹೇಳಬೇಕೆಂದರೆ ಬೂಟ್ಸಿನ ಮಾತು ಬಂದ ಕ್ಷಣದಿಂದ ನನ್ನ ಕಾಲಿಗೆ ಕಚಗುಳಿ ಇಟ್ಟಂತಾಗುತ್ತಿತ್ತು. ಆವತ್ತೇ ಹಿತ್ತಲಲ್ಲಿ ಸೀಟಿ ಊದುವುದನ್ನು ಅಭ್ಯಾಸ ಮಾಡಿದೆ. ಆದರೆ ಊಟಕ್ಕೆ ಕೂತಾಗ ಗುಡ್ಡದ ಸೀಮೆಯಲ್ಲಿ ಮುದ್ದೆ ಮುರಿದು ಕೊಡುವವರು ಯಾರು ಎಂಬ ಯೋಚನೆ ಬಂತು.

ಮಿಸ್ಸಮ್ಮ ಬರುವ ದಿನ ಗೊತ್ತಾದ ಮೇಲೆ ಅಜ್ಜಿ ಒಂದು ಉಪಾಯ ಹೂಡಿದಳು. ನೋಡಿ ತಾನೇ ತಕ್ಕವನೋ ಅಲ್ಲವೋ ಹೇಳುವುದು? ನೋಡಲು ಏನೂ ಇಲ್ಲದ ಹಾಗೆ ಮಾಡಿಬಿಟ್ಟರೆ? ಎಲ್ಲಕ್ಕಿಂತ ದೊಡ್ಡ ಸಾಕ್ಷಿ ನನ್ನ ಕೆಂಚು ಕೂದಲು. ಅದನ್ನೇ ಬೋಳಿಸಿಬಿಟ್ಟರೆ ದೊರೆಯ ಕಾಲುಭಾಗ ಮನೆಯಿಂದ ಹೋದ ಹಾಗೆ. ಬೆಳಿಗ್ಗೆ ಮಿಸ್ಸಮ್ಮನ ರೈಲು ಬರುವುದಕ್ಕೆ ಒಂದು ಗಂಟೆ ಮುಂಚೆ ಕ್ಷೌರದ ಮುನಿಯಣ್ಣನನ್ನು ಹಿತ್ತಲಿಗೆ ಕರೆಸಿದಳು. ಅವನು ನನ್ನ ತಲೆಗೆ ನೀರು ತಟ್ಟಿ, ಕತ್ತಿ ಮಸೆದು, ಹಣೆಯಿಂದ ನೆತ್ತಿಗೆ ಒಂದೇ ಎಳೆತ ಎಳೆದವನು ಹಾಗೇ ನಿಂತುಬಿಟ್ಟ.

"ನಂಜವ್ವ... ವಸಿ ಇಲ್ಲಿ ಬಂದು ನೋಡಿ."

ಅಜ್ಜಿ ಬಂದು ನೋಡಿದಳು. ಏಳು ವರ್ಷ ಕಾಡಿಗೆಯ ಕೆಳಗೆ, ಕೂದಲ ನೆರಳಿನಲ್ಲಿ, ಬಿಸಿಲೇ ಕಾಣದೆ ತಣ್ಣಗೆ ಕುಳಿತಿದ್ದ ನನ್ನ ತಲೆ ಸುಲಿದ ಮೂಲಂಗಿಯ ಹಾಗೆ ಬೆಳ್ಳಗೆ ಹೊಳೆಯಿತು.

"ಅಯ್ಯೋ ಶಿವನೇ! ದೊರೆ ಪೂರಾ ಇಲ್ಲೇ ಅಡಗಿ ಕುಂತವ್ನಲ್ಲ!"

ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಪೂರ್ತಿ ಬೋಳಿಸಿದ್ದಾಯಿತು. ಕೆಳಗೆ ಬೆಂದ ಮುಖ, ಮೇಲೆ ಬಿಳಿಯ ಬುರುಡೆ. ಹಾಲು ತುಂಬಿದ ಬಟ್ಟಲನ್ನು ಮಡಕೆಯ ಮೇಲೆ ಕವುಚಿದ ಹಾಗೆ ಕಂಡೆನೆಂದು ಗಂಗೆ ವರ್ಣಿಸಿದಳು. ಮುನಿಯಣ್ಣ ಕತ್ತಿ ಒರೆಸುತ್ತಾ, "ಕೂದ್ಲು ಮತ್ತೆ ಅಂಟ್ಸಾಕೆ ನಂಗೆ ಬರಾಕಿಲ್ಲ ಕಣವ್ವ" ಎಂದು ಕೈತೊಳೆದುಕೊಂಡ. ಅಜ್ಜಿ ಬಟ್ಟಿಗೆ ಓಡಿದಳು, ಬಾಣಲೆಯ ತಳದ ಮಸಿ ಕೆರೆದಳು, ಹರಳೆಣ್ಣೆಗೆ ಕಲೆಸಿದಳು, ನನ್ನ ತಲೆಗೂ ಮುಖಕ್ಕೂ ಕುತ್ತಿಗೆಗೂ ಮೆತ್ತಿದಳು. ಮೇಲೆ ಮೂರು ಬೆರಳಿನ ವಿಭೂತಿ. ಕನ್ನಡಿಯಲ್ಲಿ ನೋಡಿಕೊಂಡೆ. ಕಪ್ಪಗಾಗಿದ್ದೆ, ಸಂಶಯವಿಲ್ಲ. ಆದರೆ ಜಗತ್ತಿನಲ್ಲಿ ಎಲ್ಲಿಯೂ ಮನುಷ್ಯರು ಆ ರೀತಿ ಕಪ್ಪಗಿರುವುದಿಲ್ಲ.

ಮಿಸ್ಸಮ್ಮ ಸ್ಟೇಷನ್ನಿನಿಂದ ಜಟಕಾದಲ್ಲಿ ಬಂದಳು. ಜೊತೆಯಲ್ಲಿ ದುಭಾಷಿಯಾಗಿ ನಮ್ಮ ಮೇಷ್ಟ್ರು. ಅವಳದು ಹ್ಯಾಟು, ಛತ್ರಿ, ಕೈಗೆ ಬಿಳಿ ಗವಸು, ಮುಖದ ತುಂಬಾ ಪೌಡರು. ಬೀದಿಯೇ ನಮ್ಮ ಜಗಲಿಗೆ ಬಂದು ನಿಂತಿತ್ತು. ಅವಳು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತು ಒಂದು ಅಚ್ಚಿನ ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ನನ್ನನ್ನು ಹತ್ತಿರ ಕರೆದು ಕಣ್ಣರೆಪ್ಪೆ ಎತ್ತಿ ನೋಡಿದಳು, ಉಗುರಿನ ಬುಡ ನೋಡಿದಳು. ಆಮೇಲೆ ಕರ್ಚೀಫಿನ ತುದಿ ಒದ್ದೆ ಮಾಡಿ ನನ್ನ ಕಿವಿಯ ಹಿಂದೆ ಒಂದೇ ಸಲ ಒರೆಸಿದಳು. ಕರ್ಚೀಫು ಕಪ್ಪಾಯಿತು, ಕಿವಿಯ ಹಿಂದೆ ಬೆಳಗಾಯಿತು. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಹತ್ತಿರ ನಿಂತಿದ್ದ ನಾನು ಮಾತ್ರ ಇನ್ನೊಂದನ್ನು ಕಂಡೆ: ಮಿಸ್ಸಮ್ಮನ ಪೌಡರು ಗದ್ದದ ಕೆಳಗೆ ಒಂದು ಗೆರೆ ಎಳೆದ ಹಾಗೆ ನಿಂತಿತ್ತು. ಅಲ್ಲಿಂದ ಕೆಳಗಿನ ಕತ್ತು ಗಂಗೆಯ ಕತ್ತಿನ ಬಣ್ಣದ್ದೇ. ನಾವಿಬ್ಬರೂ ಅವತ್ತು ಬೆಳಿಗ್ಗೆ ಒಂದೇ ಕೆಲಸ ಮಾಡಿಕೊಂಡು ಬಂದವರು.

ಅವಳು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಹೆಸರು ಕೇಳ್ತಿದ್ದಾರೆ ಎಂದರು ಮೇಷ್ಟ್ರು. ಜಗಲಿಯಲ್ಲಿ ಅಷ್ಟು ಜನ, ಎದುರಿಗೆ ಇಂಗ್ಲಿಷು, ನನ್ನ ನಾಲಿಗೆ ನನ್ನ ಮಾತು ಯಾವತ್ತು ಕೇಳಿದೆ? ಎದೆ ಉಬ್ಬಿಸಿ, ಕಂಕುಳಿಗೆ ಇಲ್ಲದ ಕಡ್ಡಿ ಸಿಕ್ಕಿಸಿಕೊಂಡು, "ಯೂ ಡ್ಯಾಮ್! ಟುಮ್ ಕ್ಯಾ ಮಾಡ್ಟಾ!" ಅಂದುಬಿಟ್ಟೆ.

ಜಗಲಿ ಭೋರೆಂದು ನಕ್ಕಿತು. ಮಿಸ್ಸಮ್ಮ ನಗಲಿಲ್ಲ. ಅವಳು ನಕ್ಕವರ ಮುಖಗಳನ್ನೇ ಒಂದೊಂದಾಗಿ ನೋಡಿದಳು. ಆಮೇಲೆ ಮೇಷ್ಟ್ರಿಗೆ ಹೇಳಿ ಬೀದಿಯವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಸಿದಳು.

ಮನೆಗೆ ಬಂದವರಿಗೆ ಬಾಯಿಗೆ ಏನಾದರೂ ಕೊಡದೆ ಕಳಿಸುವುದು ಅಜ್ಜಿಗೆ ಶತ್ರುವಿನ ವಿಷಯದಲ್ಲೂ ಆಗದ ಮಾತು. ಬಿಸಿ ಪುರಿ, ಕೊಬ್ಬರಿ ಚೂರು, ಹುರಿಗಡಲೆ, ಬೆಲ್ಲ, ತಟ್ಟೆ ತುಂಬಾ ತಂದಿಟ್ಟಳು. ಮಿಸ್ಸಮ್ಮ ಬೇಡವೆಂದು ಕೈಯಾಡಿಸಿದಳು. ತಟ್ಟೆ ಅಲ್ಲೇ ಇತ್ತು. ಬಟ್ಟಿಯ ಬಿಸಿ ಹೋಗದ ಪುರಿಯ ವಾಸನೆ ಕುರ್ಚಿಯ ತನಕ ಹೋಗಲು ಎಷ್ಟು ಹೊತ್ತು? ಅವಳು ಕಾಗದದಲ್ಲಿ ಏನೋ ಬರೆಯಲು ಹೊರಟವಳು ನಿಲ್ಲಿಸಿ, ಬಲಗೈಯ ಗವಸನ್ನು ಬೆರಳು ಬೆರಳಾಗಿ ಬಿಚ್ಚಿ, ಒಂದು ಮುಷ್ಟಿ ಪುರಿ ತೆಗೆದುಕೊಂಡಳು. ದೊರೆಸಾನಿಯರು ತಿನ್ನುವ ಹಾಗೆ ಒಂದೊಂದೇ ಕಾಳು ಹೆಕ್ಕುತ್ತಾಳೆಂದು ನಾವು ಕಾದೆವು. ಅವಳು ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ತುಟಿಗೆ ಕೈ ತಾಗಿಸದೆ, ಗೇಣುದೂರದಿಂದ ಮುಷ್ಟಿಯನ್ನು ಬಾಯಿಗೆ ಎರಚಿಕೊಂಡಳು. ಒಂದು ಕಾಳೂ ನೆಲಕ್ಕೆ ಬೀಳಲಿಲ್ಲ. ಹಿಂದೆಯೇ ಕೊಬ್ಬರಿಯ ಒಂದು ಕಡಿತ.

ಅಜ್ಜಿ ಕೆಲಸ ಬಿಟ್ಟು ನಿಂತು ನೋಡಿದಳು. ಆ ಎರಚುವ ಕೈಯನ್ನು ಯಾವ ಸ್ಕೂಲಿನಲ್ಲೂ ಕಲಿಸುವುದಿಲ್ಲ. ಎಂಜಲಾಗದ ಹಾಗೆ, ಹಂಚಿ ತಿನ್ನುವ ತಟ್ಟೆಯ ಸುತ್ತ ಕೂತ ಮಕ್ಕಳಿಗೆ ಹಾಲುಹಲ್ಲು ಇರುವಾಗಲೇ ತಲೆಗೆ ಮೊಟಕಿ ಕಲಿಸಿದ ಕೈ ಅದು. ಅಜ್ಜಿ ಮೇಷ್ಟ್ರ ಕಡೆ ತಿರುಗಲೇ ಇಲ್ಲ, ನೇರವಾಗಿ ಕೇಳಿದಳು:

"ಯಾವೂರವ್ವ ನಿಂದು?"

ಮಿಸ್ಸಮ್ಮ ಅಗಿಯುವುದನ್ನು ನಿಲ್ಲಿಸಿದಳು. ಮೇಷ್ಟ್ರು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದರು. ಅವಳು ಕೈಯೆತ್ತಿ ತಡೆದಳು.

"ಅರಕಲಗೂಡು," ಎಂದಳು. "ನನ್ ಅವ್ವಂದು. ಅಲ್ಲಿ ಒಂದು ಕಟ್ಟೆ ಅದೆ. ದೊಡ್ಡ ಕಟ್ಟೆ."

ಅದು ಕೂಸಿನ ಕನ್ನಡ. ನಲವತ್ತು ದಾಟಿದ ಹೆಂಗಸಿನ ಬಾಯಲ್ಲಿ ಐದು ವರ್ಷದ ಹುಡುಗಿ ಮಾತಾಡಿದ ಹಾಗಿತ್ತು. ಹೋಮಿಗೆ ಕರೆದೊಯ್ದ ದಿನ ಆ ಭಾಷೆ ಎಷ್ಟು ಬೆಳೆದಿತ್ತೋ ಅಷ್ಟಕ್ಕೇ ನಿಂತುಬಿಟ್ಟಿತ್ತು. ಅಣಕ ಮಾಡಲು ಇಷ್ಟು ಒಳ್ಳೆಯ ಸರಕು ನನಗೆ ಆಮೇಲೆ ಎಂದೂ ಸಿಗಲಿಲ್ಲ, ಆದರೂ ಆ ಕ್ಷಣ ನನಗೆ ಅದರ ಯೋಚನೆಯೇ ಬರಲಿಲ್ಲ. ಅವಳು ಅಜ್ಜಿಯನ್ನು ಬಿಟ್ಟು, ಮಾವನನ್ನು ಬಿಟ್ಟು, ಗೋಡೆಗೊರಗಿದ್ದ ಅವ್ವನ ಕಡೆ ನೋಡಿದಳು.

"ನೀನು ಏನ್ ಯೋಳ್ತೀಯ?"

ಅವ್ವನನ್ನು ಆ ವಿಷಯದಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು. ಅವಳು ಸೆರಗನ್ನು ಸರಿಮಾಡಿಕೊಂಡು ಮುಂದೆ ಬಂದಳು. ಅವಳು ಕಳಿಸುವುದಿಲ್ಲ ಅನ್ನುತ್ತಾಳೆಂದೇ ನಾನು ನಂಬಿದ್ದೆ.

"ಓಗ್ಲಿ ಅಂತ್ಲೇ ಇದ್ದೆ ಕಣವ್ವ," ಎಂದಳು.

ಅಜ್ಜಿ "ಏನೇ!" ಎಂದಳು. ಅವ್ವ ಅತ್ತ ತಿರುಗಲಿಲ್ಲ.

"ದಿನಾ ಬೀದೀಲಿ ಇವನ್ನ ಕುಣಿಸ್ತಾರೆ. ಒಂದು ಚೂರು ಬೆಲ್ಲಕ್ಕೆ ಇವ್ನು ಅವ್ನಪ್ಪನ್ನೇ ಮಾಡಿ ತೋರಿಸ್ತಾನೆ, ಅವ್ರು ನಗ್ತಾರೆ. ಇವ್ನೂ ನಗ್ತಾನೆ, ಅದೇ ನಂಗೆ ತಡೆಯಾಕಾಗಕಿಲ್ಲ. ಅಲ್ಲಿ ಎಲ್ಲಾ ಕೂಸೂ ಇಂಗೇ ಇರ್ತವಂತೆ. ನಗೋರು ಇರಾಕಿಲ್ಲ ಅಂದ್ಕಂಡೆ." ಉಸಿರು ತೆಗೆದುಕೊಂಡಳು. "ಇರಾಕಿಲ್ಲ ತಾನೇ?"

ಮಿಸ್ಸಮ್ಮ ಕೈಯಲ್ಲಿದ್ದ ಗವಸನ್ನು ಮಡಿಸಿದಳು, ಬಿಡಿಸಿದಳು.

"ನಗೋರು ಅವ್ರೆ," ಎಂದಳು. "ಅಲ್ಲೂ ಸಾಲು ಮಾಡ್ತಾರೆ. ಬೆಳ್ಳಗಿರೋ ಕೂಸು ಮುಂದೆ. ಕರ್ರಗಿರೋ ಕೂಸು ಇಂದೆ. ನಾನು ಇಂದೆ ಸಾಲು."

"ನಿಮ್ಮನ್ನ ಕರ್ಕಂಡೋದಾಗ ನಿಮ್ಮವ್ವ ಏನಂದ್ರು?" ಎಂದಳು ಅವ್ವ.

"ಮಾತು ನೆಪ್ಪಿಲ್ಲ. ಬಳೆ ನೆಪ್ಪದೆ, ಅಸುರು ಬಳೆ. ಮೊಕ ನೆಪ್ಪಿಲ್ಲ."

ಅವ್ವ ನನ್ನ ಹತ್ತಿರ ಬಂದಳು. ಮಸಿ ಮೆತ್ತಿದ ನನ್ನ ತಲೆಯ ಮೇಲೆ ಕೈಯಿಟ್ಟಳು. ಕೈ ಕಪ್ಪಾಗುವುದನ್ನು ಲೆಕ್ಕಿಸಲಿಲ್ಲ.

"ಅಂಗಾದ್ರೆ ಬ್ಯಾಡ. ಇಂದಿನ ಸಾಲೇ ಆದ್ರೆ ಇಲ್ಲೇ ಕುಂತ್ಕಳ್ಲಿ. ನಾನು ಪಕ್ಕದಲ್ಲಿರ್ತೀನಿ."

ಮಾವ ಮೂರು ಸಲ ಕೆಮ್ಮಿದ. ನಾವೆಲ್ಲ ಕಾದೆವು. ನಾಲ್ಕನೆಯದನ್ನೂ ಕೆಮ್ಮಿ, "ಸುಂಕು" ಎಂದು ಕಣ್ಣೊರೆಸಿಕೊಂಡ.

ಆದರೆ ದೊರೆಯ ಕಾಗದವಿತ್ತಲ್ಲ, ಮಿಸ್ಸಮ್ಮ ಬರಿಗೈಯಲ್ಲಿ ಹೋಗಿ ಏನು ಹೇಳಬೇಕು? ಅವಳು ಮತ್ತೆ ಗವಸು ಹಾಕಿಕೊಂಡಳು, ಮತ್ತೆ ಇಂಗ್ಲಿಷಿನವಳಾದಳು. ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಒಂದೊಂದು ಅಂಕಣಕ್ಕೂ ನನ್ನ ಮುಖ ನೋಡಿ ನೋಡಿ, ಅಚ್ಚಿನ ಕಾಗದವನ್ನು ತುಂಬಿದಳು. ಮೇಷ್ಟ್ರು ಬಗ್ಗಿ ಓದಿ ಕಂಗಾಲಾದರು. ನಮಗಾಗಿ ಕನ್ನಡದಲ್ಲಿ ಪಿಸುಗುಟ್ಟಿದರು.

"ಕೂದಲು, ಕಪ್ಪು ಅಂತ ಬರೆದ್ರು. ಮೈಬಣ್ಣ, ಕಪ್ಪು. ಕಣ್ಣು... ಕಣ್ಣೂ ಕಪ್ಪು ಅಂತಲೇ ಬರೆದಿದ್ದಾರಲ್ಲಪ್ಪ! ಹೋಮಿಗೆ ತಕ್ಕವನಲ್ಲ, ನೇಟಿವ್." ಆಮೇಲೆ ಮೆಲ್ಲಗೆ, "ಮೇಡಂ, ಕಣ್ಣು ಒಂದು ಸಲ..." ಎಂದರು.

ಮಿಸ್ಸಮ್ಮ ನನ್ನ ಬೆಕ್ಕಿನ ಕಣ್ಣುಗಳನ್ನೇ ನೇರವಾಗಿ ನೋಡುತ್ತಾ, "ನಾನು ನೋಡಿವ್ನಿ" ಎಂದಳು, ಕನ್ನಡದಲ್ಲಿ. ರುಜು ಹಾಕಿದಳು. ಏಳು ವರ್ಷ ಅಜ್ಜಿಯ ಕಾಡಿಗೆ, ಹರಳೆಣ್ಣೆ, ಬಿಸಿಲು ಮಾಡಲಾಗದ್ದನ್ನು ಆ ಹೆಂಗಸು ಎರಡು ಗೆರೆ ಶಾಯಿಯಲ್ಲಿ ಮಾಡಿಬಿಟ್ಟಳು. ಹೊರಡುವಾಗ ಅಜ್ಜಿ ಒಂದು ಬಟ್ಟೆಯಲ್ಲಿ ಪುರಿ ಕಟ್ಟಿಕೊಟ್ಟಳು. ಬೇಡವೆನ್ನಲಿಲ್ಲ. ಜಟಕಾ ತಿರುವು ದಾಟುವವರೆಗೂ ಅವ್ವ ಬಾಗಿಲಲ್ಲಿ ನಿಂತಿದ್ದಳು.

ಆ ಸಂಜೆ ಮನೆಯಲ್ಲಿ ಎಲ್ಲರೂ ಸ್ವಲ್ಪ ಹೆಚ್ಚಾಗಿಯೇ ಗಲಾಟೆ ಮಾಡುತ್ತಿದ್ದರು. ಅಜ್ಜಿ ನನ್ನ ತಲೆ ತೊಳೆದು ಮೂಲಂಗಿಯನ್ನು ಮತ್ತೆ ಬಯಲಿಗೆ ತಂದಿದ್ದಳು. ಬಟ್ಟಿಯ ಒಲೆ ಆರುತ್ತಿತ್ತು. ಉಳಿದ ಪುರಿಯ ತಟ್ಟೆಯನ್ನು ನಡುವೆ ಇಟ್ಟುಕೊಂಡು ಸುತ್ತ ಕೂತಿದ್ದೆವು. ಮಾವ ಗೋಡೆಗೊರಗಿ, ಬಹಳ ದಿನದ ಮೇಲೆ ಸಡಿಲವಾಗಿ, "ಎಲ್ಲಿ ಕರಿಯ, ಆ ಮಿಸ್ಸಮ್ಮನ್ನ ಮಾಡು ನೋಡಾಣ" ಎಂದ.

ನಾನು ಎದ್ದೆ. ಛತ್ರಿಯ ನಡಿಗೆ, ಬೆರಳು ಬೆರಳಾಗಿ ಗವಸು ಬಿಚ್ಚುವುದು, ಪೌಡರಿನ ಮುಖ, ಎಲ್ಲ ನನ್ನೊಳಗೆ ಸಾಲಾಗಿ ನಿಂತಿದ್ದವು. ಆದರೆ ಎಲ್ಲಿಂದ ಶುರು ಮಾಡಿದರೂ ಅದು ಅವಳಾಗಲಾರದು ಅನ್ನಿಸಿತು. ಕೊನೆಗೆ ಕೂತು, ತಟ್ಟೆಗೆ ಕೈ ಹಾಕಿ, ಒಂದು ಮುಷ್ಟಿ ತೆಗೆದು, ತಲೆ ಹಿಂದಕ್ಕೆ ಬಾಗಿಸಿ, ತುಟಿಗೆ ತಾಗಿಸದೆ ಬಾಯಿಗೆ ಎರಚಿಕೊಂಡೆ. ಇದಕ್ಕಿಂತ ತದ್ವತ್ತಾಗಿ ನಾನು ಜೀವಮಾನದಲ್ಲಿ ಯಾರನ್ನೂ ಮಾಡಿದವನಲ್ಲ. ಕಣ್ಣು ತೆರೆದು ಸುತ್ತ ನೋಡಿದೆ. ಯಾರೂ ನಗುತ್ತಿರಲಿಲ್ಲ.

ಗಂಗೆ ಕಾದು ಕಾದು ಸಾಕಾಗಿ, "ಊಂ, ಮಾಡ್ಲಾ," ಎಂದಳು. "ಸುಮ್ಕೆ ತಿಂತಾ ಕುಂತವ್ನೆ!"